ದುಡಿಯುವವರ ಮನಸ್ಸಿನ ಆರೋಗ್ಯ: ಮಿಲ್ಲು, ಶಾಲೆ, ಅಂಗಡಿ, ಹೊಲಗಳಿಗೆ ಒಂದು ಕೈಪಿಡಿ



ಪ್ರತಿ ವರ್ಷ ಅಕ್ಟೋಬರ್ 10ನ್ನು ವಿಶ್ವ ಮಾನಸಿಕ ಆರೋಗ್ಯ ದಿನವಾಗಿ ಆಚರಿಸುತ್ತಾರೆ. 2024ರಲ್ಲಿ ಆ ದಿನದ ವಿಷಯ ‘ಕೆಲಸದ ಜಾಗದಲ್ಲಿ ಮಾನಸಿಕ ಆರೋಗ್ಯ’ ಎಂದಿತ್ತು. ಈ ಮಾತು ಕೇಳಿದ ಕೂಡಲೇ ನಮ್ಮ ಭಾಗದ ಹಲವರು ‘ಅದು ಬೆಂಗಳೂರು, ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿಯವರ ವಿಷಯ, ನಮಗೇನು?’ ಎನ್ನುತ್ತಾರೆ. ಆದರೆ ಪೆದ್ದಹರಿವಾಣಂ, ಆದೋನಿ ಮತ್ತು ಸುತ್ತಲಿನ ಊರುಗಳಲ್ಲಿ ದುಡಿಯುವವರಿಗೂ ನಿದ್ದೆ ಕೆಡುತ್ತದೆ, ಎದೆ ಭಾರವಾಗುತ್ತದೆ, ಕೆಲಸದ ಹೆಸರು ಕೇಳಿದರೆ ಕೈಕಾಲು ಸೋಲುತ್ತವೆ. ದೊಡ್ಡ ಕಂಪನಿಗಳಲ್ಲಿ ಇದನ್ನು ಕೇಳಲು ಒಬ್ಬ ಆಪ್ತಸಮಾಲೋಚಕರಾದರೂ ಇರುತ್ತಾರೆ. ನಮ್ಮಲ್ಲಿ ಕೇಳಬೇಕಾದವರು ಮೇಸ್ತ್ರಿ, ಮಾಲೀಕರು, ಹೆಡ್‌ಮಾಸ್ಟರು ಮತ್ತು ಪಕ್ಕದಲ್ಲಿ ಕೆಲಸ ಮಾಡುವ ಗೆಳೆಯರು.

ಆದ್ದರಿಂದ ಈ ಬರಹವನ್ನು ಅವರಿಗಾಗಿಯೇ ಸಿದ್ಧಪಡಿಸಿದ್ದೇವೆ. ನಾವು ಹೇಳಬೇಕಾದ ಮುಖ್ಯ ಮಾತು ಒಂದೇ: ದುಡಿಯುವವರ ಮನಸ್ಸನ್ನು ಕಾಪಾಡಲು ದೊಡ್ಡ ಖರ್ಚಾಗಲಿ, ದೊಡ್ಡ ಓದಾಗಲಿ ಬೇಕಿಲ್ಲ. ಕೆಲಸವನ್ನು ನ್ಯಾಯವಾಗಿ ಹೊಂದಿಸುವುದು, ಬೇಗ ಗಮನಿಸುವುದು, ಮರ್ಯಾದೆಯಿಂದ ಮಾತಾಡಿಸುವುದು, ಸರಿಯಾದ ಕಡೆಗೆ ಕಳಿಸುವುದು, ಈ ನಾಲ್ಕು ನಮ್ಮ ಕೈಯಲ್ಲೇ ಇವೆ.

ನಮ್ಮ ಭಾಗದ ಕೆಲಸ, ನಮ್ಮ ಭಾಗದ ಒತ್ತಡ

ಆದೋನಿ ಎಂದರೆ ಹತ್ತಿ. ಮಾರುಕಟ್ಟೆ ಯಾರ್ಡು, ಜಿನ್ನಿಂಗ್ ಮಿಲ್ಲುಗಳು, ಎಣ್ಣೆ ಮಿಲ್ಲುಗಳು, ಬಟ್ಟೆ ಅಂಗಡಿಗಳು, ದಲಾಲಿ ಅಂಗಡಿಗಳು, ಇವುಗಳ ಸುತ್ತ ಸಾವಿರಾರು ಮನೆಗಳ ಒಲೆ ಉರಿಯುತ್ತದೆ. ಹತ್ತಿಯ ಸೀಸನ್ನಿನಲ್ಲಿ ಮಿಲ್ಲಿನವರಿಗೆ ಹಗಲು ರಾತ್ರಿ ಗೊತ್ತಾಗುವುದಿಲ್ಲ. ಸೀಸನ್ ಮುಗಿದರೆ ಕೈಯಲ್ಲಿ ಕೆಲಸವಿಲ್ಲ. ಹೆಚ್ಚಾದ ಕೆಲಸವೂ ಇಲ್ಲದ ಕೆಲಸವೂ ಮನಸ್ಸಿಗೆ ಭಾರವೇ.

ಹಮಾಲರಿಗೆ ಮೈನೋವು, ಅದನ್ನು ಮರೆಯಲು ಸಂಜೆಯ ಕುಡಿತ. ಗುಮಾಸ್ತರಿಗೆ ಲೆಕ್ಕ ತಪ್ಪೀತೆಂಬ ಭಯ. ಬಟ್ಟೆ ಅಂಗಡಿಯ ಹುಡುಗಿಯರು ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಂತೇ ಇರಬೇಕು. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಹಗಲು ಊರು ಸುತ್ತಿ, ರಾತ್ರಿ ಫೋನಿನಲ್ಲಿ ವರದಿ ತುಂಬಿಸಬೇಕು. ಬ್ಯಾಂಕಿನವರಿಗೆ, ಸ್ವಸಹಾಯ ಸಂಘಗಳಿಗೆ ಸಾಲ ಕೊಡುವ ಸಂಸ್ಥೆಗಳ ಹುಡುಗರಿಗೆ ವಸೂಲಿಯ ಗುರಿ. ಕನ್ನಡ ಮಾಧ್ಯಮ ಶಾಲೆಗಳ ಶಿಕ್ಷಕರಿಗೆ ಮಕ್ಕಳ ಸಂಖ್ಯೆ ಕಡಿಮೆಯಾದರೆ ಶಾಲೆಯ ಗತಿಯೇನೆಂಬ ಚಿಂತೆ. ಪಾಠ ಕನ್ನಡದಲ್ಲಿ, ಇಲಾಖೆಯ ಕಾಗದಪತ್ರ ತೆಲುಗಿನಲ್ಲಿ.

ಇನ್ನು ಮಳೆ ಕೈಕೊಟ್ಟ ವರ್ಷ ಊರಿಗೆ ಊರೇ ಗುಳೆ ಹೋಗುತ್ತದೆ. ಗುಂಟೂರು ಸೀಮೆಗೆ ಮೆಣಸಿನಕಾಯಿ ಬಿಡಿಸಲು, ತೆಲಂಗಾಣಕ್ಕೆ ಹತ್ತಿ ಬಿಡಿಸಲು, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ. ಅಲ್ಲಿ ಡೇರೆಯೇ ಮನೆ, ಮೇಸ್ತ್ರಿಯೇ ಬಂಧು. ಇಲ್ಲಿ ಮುದುಕರು ಮತ್ತು ಮಕ್ಕಳು. ಹೋದವರಿಗೂ ಉಳಿದವರಿಗೂ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ.

ಇದು ನಮ್ಮೂರಿನ ಕಥೆ ಮಾತ್ರ ಎಂದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ ದುಡಿಯುವ ವಯಸ್ಸಿನ ನೂರು ಮಂದಿಯಲ್ಲಿ 15 ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು. ಖಿನ್ನತೆ ಮತ್ತು ಆತಂಕ ಎರಡರಿಂದಲೇ ವರ್ಷಕ್ಕೆ 1,200 ಕೋಟಿ ಕೆಲಸದ ದಿನಗಳು ನಷ್ಟವಾಗುತ್ತವೆ. ನಮ್ಮ ದೇಶದಲ್ಲಿ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇಕಡಾ 10.6ರಷ್ಟು ಮಂದಿಗೆ ಚಿಕಿತ್ಸೆ ಬೇಕಾದಂಥ ಮಾನಸಿಕ ಕಾಯಿಲೆ ಕಂಡುಬಂತು. ಅವರಲ್ಲಿ ಬಹುಪಾಲು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಅಂದರೆ 50 ಮಂದಿ ಕೆಲಸ ಮಾಡುವ ಒಂದು ಮಿಲ್ಲಿನಲ್ಲಿ ಐದು ಮಂದಿಯಾದರೂ ಈ ಭಾರ ಹೊತ್ತುಕೊಂಡೇ ಕೆಲಸಕ್ಕೆ ಬರುತ್ತಿರಬಹುದು. ಯಾರಿಗೂ ಹೇಳಿರುವುದಿಲ್ಲ.

ಪಕ್ಕದ ಬಳ್ಳಾರಿ ದೇಶಕ್ಕೆ ಕಲಿಸಿದ ಪಾಠ

‘ಇದಕ್ಕೆಲ್ಲ ದೊಡ್ಡ ಡಾಕ್ಟರು ಬೇಕು, ನಮ್ಮಂಥವರಿಂದ ಏನಾಗುತ್ತದೆ’ ಎನ್ನುವವರು ಬಳ್ಳಾರಿಯ ಈ ಸಂಗತಿಯನ್ನು ತಿಳಿದಿರಬೇಕು.

ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಗೇ ಸೇರಿದ್ದವು. ಆ ದಿನ ಗಡಿ ಬದಲಾಯಿತು, ನಾವು ಆಂಧ್ರಕ್ಕೆ ಬಂದೆವು. ಮುಂದೆ ಅದೇ ಬಳ್ಳಾರಿ ಜಿಲ್ಲೆಯಲ್ಲಿ 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಒಂದು ಪ್ರಯೋಗ ಆರಂಭಿಸಿತು. ಆಗ ಇಡೀ ದೇಶದಲ್ಲಿ ಮನೋವೈದ್ಯರ ಸಂಖ್ಯೆ ಬಹಳ ಕಡಿಮೆ. ಹಳ್ಳಿಯ ಜನರೆಲ್ಲ ಬೆಂಗಳೂರಿಗೆ ಬರಲಿ ಎಂದು ಕಾಯುವ ಬದಲು, ಹಳ್ಳಿಯಲ್ಲಿ ಆಗಲೇ ಇರುವವರಿಗೆ ಕಲಿಸೋಣ ಎಂದು ಅವರು ಹೊರಟರು.

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಸಾಮಾನ್ಯ ಮಾನಸಿಕ ಕಾಯಿಲೆ ಮತ್ತು ಮೂರ್ಛೆರೋಗ ಗುರುತಿಸಿ ಔಷಧಿ ಕೊಡುವುದನ್ನು ಕಲಿಸಿದರು. ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ಯಾವ ಲಕ್ಷಣ ಕಂಡರೆ ಯಾರ ಬಳಿ ಕಳಿಸಬೇಕು, ಔಷಧಿ ನಿಲ್ಲಿಸದಂತೆ ಹೇಗೆ ನೋಡಿಕೊಳ್ಳಬೇಕು ಎಂದು ಹೇಳಿಕೊಟ್ಟರು. ಬೇಕಾಗುವ ಕೆಲವೇ ಔಷಧಿಗಳನ್ನು ಆರೋಗ್ಯ ಕೇಂದ್ರದಲ್ಲೇ ಇಟ್ಟರು. ಕಷ್ಟದ ಪ್ರಕರಣಗಳನ್ನು ಜಿಲ್ಲಾ ಆಸ್ಪತ್ರೆಯಲ್ಲಿ ನೋಡುವ ವ್ಯವಸ್ಥೆ ಮಾಡಿದರು. ಹಳ್ಳಿಯ ಸಾಮಾನ್ಯ ಆರೋಗ್ಯ ವ್ಯವಸ್ಥೆಯೇ ಈ ಕೆಲಸ ಮಾಡಬಲ್ಲದು ಎಂಬುದು ಅಲ್ಲಿ ಸ್ಪಷ್ಟವಾಯಿತು. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಅದರ ಮೇಲೆ 1996ರಲ್ಲಿ ಕೇಂದ್ರ ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಮೊದಲು ನಾಲ್ಕು ಜಿಲ್ಲೆಗಳಿದ್ದ ಅದು ಈಗ ದೇಶದ ಬಹುತೇಕ ಜಿಲ್ಲೆಗಳಿಗೆ ಹಬ್ಬಿದೆ. ಕೆಲಸದ ಜಾಗದ ಒತ್ತಡ ನಿರ್ವಹಣೆಯೂ ಆತ್ಮಹತ್ಯೆ ತಡೆಯೂ ಇಂದು ಆ ಕಾರ್ಯಕ್ರಮದ ಭಾಗ. ಆದ್ದರಿಂದ ಒಂದು ಮಿಲ್ಲು ಅಥವಾ ಶಾಲೆ ‘ನಮ್ಮವರಿಗೆ ಬಂದು ತಿಳಿಸಿಕೊಡಿ’ ಎಂದು ಜಿಲ್ಲೆಯ ತಂಡವನ್ನು ಕೇಳಬಹುದು.

ಮನೆ ಬಾಗಿಲಿಗೆ ಬರುವ ಕಾರ್ಯಕರ್ತೆ ಗುರುತಿಸಬಲ್ಲಳಾದರೆ, ದಿನಕ್ಕೆ ಎಂಟು ಗಂಟೆ ಜೊತೆಯಲ್ಲೇ ಇರುವ ಮೇಸ್ತ್ರಿ ಏಕೆ ಗುರುತಿಸಲಾರ? ಕಾಯಿಲೆಗೆ ಹೆಸರಿಡುವುದು ವೈದ್ಯರ ಕೆಲಸ. ‘ಈತ ಮೊದಲಿನಂತಿಲ್ಲ’ ಎಂದು ಗಮನಿಸುವುದು ನಮ್ಮ ಕೆಲಸ.

ಬೇಸರಕ್ಕೂ ಕಾಯಿಲೆಗೂ ವ್ಯತ್ಯಾಸ

ಬೆಳೆ ಹೋದರೆ, ಸಾಲ ಹೆಚ್ಚಿದರೆ, ಮನೆಯಲ್ಲಿ ಸಾವಾದರೆ ಯಾರಿಗಾದರೂ ದುಃಖವಾಗುತ್ತದೆ. ಅದು ಕಾಯಿಲೆಯಲ್ಲ. ಕೆಲಸದ ಒತ್ತಡ ಬಹುಕಾಲ ತಗ್ಗದೆ ಮನುಷ್ಯ ಬಸವಳಿದು, ಕೆಲಸದ ಮೇಲೇ ಜಿಗುಪ್ಸೆ ಬರುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಗುರುತಿಸಿದೆ; ಅದನ್ನೂ ಕಾಯಿಲೆ ಎಂದು ಕರೆದಿಲ್ಲ. ಅಲ್ಲಿ ಮೊದಲು ಬದಲಾಗಬೇಕಾದದ್ದು ಕೆಲಸದ ರೀತಿ.

ಆದರೆ ಮನಸ್ಸು ಕುಗ್ಗಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರಕ್ಕೂ ಹೆಚ್ಚು ಕಾಲ, ದಿನದ ಬಹುಪಾಲು ಹೊತ್ತು ಇದ್ದು, ಊಟ, ನಿದ್ದೆ, ಕೆಲಸಗಳನ್ನು ಕೆಡಿಸುತ್ತಿದ್ದರೆ ಅದು ಖಿನ್ನತೆ ಇರಬಹುದು. ಆಗ ವೈದ್ಯರಿಗೆ ತೋರಿಸಬೇಕು. ರಕ್ತಹೀನತೆ, ಥೈರಾಯ್ಡ್ ತೊಂದರೆಗಳಲ್ಲೂ ಇಂಥದೇ ಸುಸ್ತು, ಬೇಸರ ಇರುವುದರಿಂದ ರಕ್ತ ಪರೀಕ್ಷೆಯೂ ಆಗುವುದು ಒಳ್ಳೆಯದು.

ನಮ್ಮ ಜನ ‘ನನಗೆ ಖಿನ್ನತೆ’ ಎಂದು ಹೇಳುವುದಿಲ್ಲ. ‘ಎದಿ ಭಾರ ಆಗೈತಿ’, ‘ತಲಿ ಗಿಂ ಅಂತೈತಿ’, ‘ನಿದ್ದಿ ಬರವಲ್ದು’, ‘ಯಾತಕ್ಕೂ ಮನಸಿಲ್ಲ’, ‘ಜೀವ ಬ್ಯಾಸರ ಆಗೈತಿ’ ಎನ್ನುತ್ತಾರೆ. ಮೈನೋವು, ಹೊಟ್ಟೆ ಉರಿ, ಉಸಿರು ಕಟ್ಟಿದಂತಾಗುವುದು ಎಂದು ಊರಿನ ಆರ್‌ಎಂಪಿ ಬಳಿ ಗ್ಲೂಕೋಸ್ ಹಾಕಿಸಿಕೊಂಡು ಬರುತ್ತಾರೆ. ಹಾಕಿಸಿಕೊಂಡ ದಿನ ಸ್ವಲ್ಪ ಹಗುರ, ಮತ್ತೆ ಅದೇ ಕಥೆ. ಇಂಥ ಮಾತುಗಳು ಪದೇ ಪದೇ ಕೇಳಿಬಂದರೆ ಕಿವಿಗೊಡಿ.

ಕೆಲಸದ ಜಾಗದಲ್ಲಿ ಕಾಣುವ ಗುರುತುಗಳು ಇವು:

* ಸಮಯಕ್ಕೆ ಬರುತ್ತಿದ್ದವರು ತಡಮಾಡುವುದು, ಹೇಳದೆ ರಜೆ ಹಾಕುವುದು.
* ಕೈ ಪಳಗಿದ ಕೆಲಸದಲ್ಲೇ ತಪ್ಪು ಮಾಡುವುದು. ತೂಕ, ಲೆಕ್ಕ ಮರೆಯುವುದು.
* ಮಾತು ಕಡಿಮೆಯಾಗುವುದು, ಬುತ್ತಿ ಬಿಚ್ಚುವಾಗ ಒಬ್ಬರೇ ದೂರ ಹೋಗಿ ಕೂರುವುದು.
* ಸಣ್ಣ ಮಾತಿಗೆ ರೇಗುವುದು ಅಥವಾ ಕಣ್ಣೀರು ಹಾಕುವುದು.
* ಕುಡಿತ ಹೆಚ್ಚಾಗುವುದು, ಕೆಲಸದ ಹೊತ್ತಿನಲ್ಲೂ ವಾಸನೆ ಬರುವುದು.
* ಇಲ್ಲದ ಧ್ವನಿ ಕೇಳಿಸಿದಂತೆ ತನ್ನಷ್ಟಕ್ಕೆ ಮಾತಾಡುವುದು, ಎಲ್ಲರೂ ತನ್ನ ವಿರುದ್ಧ ಸೇರಿದ್ದಾರೆಂದು ಗಟ್ಟಿಯಾಗಿ ನಂಬುವುದು.

ಯಂತ್ರದ ಮುಂದೆ ನಿಲ್ಲುವವರಲ್ಲಿ ಇವು ಕಂಡರೆ ತಡಮಾಡಬೇಡಿ. ಜಿನ್ನಿಂಗ್ ಯಂತ್ರದ ಬಳಿ, ಪ್ರೆಸ್ಸಿನ ಬಳಿ ಒಂದು ಕ್ಷಣದ ಅನ್ಯಮನಸ್ಕತೆಗೆ ಕೈಯೇ ಹೋದೀತು. ಅಂಥವರಿಗೆ ಕೆಲವು ದಿನ ಬೇರೆ ಕೆಲಸ ಕೊಡಿ. ಕೂಲಿ ಕಡಿಮೆ ಮಾಡಬೇಡಿ.

ಮಾಲೀಕರು, ಮೇಲಿನವರು ಮಾಡಬೇಕಾದದ್ದು

ವಿಶ್ವ ಆರೋಗ್ಯ ಸಂಸ್ಥೆ 2022ರ ಸೆಪ್ಟೆಂಬರಿನಲ್ಲಿ ಕೆಲಸದ ಜಾಗದ ಮಾನಸಿಕ ಆರೋಗ್ಯದ ಬಗ್ಗೆ ಮಾರ್ಗಸೂಚಿ ಹೊರತಂದಿತು. ಕೆಲಸಗಾರರಿಗೆ ಧ್ಯಾನ, ಯೋಗ ಹೇಳಿಕೊಟ್ಟರಷ್ಟೇ ಸಾಲದು, ಮನಸ್ಸು ಕೆಡಿಸುವ ಕೆಲಸದ ಸ್ಥಿತಿಯನ್ನೇ ಬದಲಿಸಬೇಕು, ಮೇಲ್ವಿಚಾರಕರಿಗೆ ತರಬೇತಿ ಕೊಡಬೇಕು ಎಂಬುದು ಅದರ ಸಾರ. ನಮ್ಮ ಭಾಗಕ್ಕೆ ಒಗ್ಗುವಂತೆ ಅದನ್ನು ಹೀಗೆ ಹೇಳಬಹುದು.

*ಹೊತ್ತು ಗೊತ್ತಿರಲಿ.* ಕಾರ್ಖಾನೆಗಳಲ್ಲಿ ವಾರಕ್ಕೆ 48 ಗಂಟೆಯ ಮಿತಿ 1948ರ ಕಾರ್ಖಾನೆ ಕಾಯ್ದೆಯಿಂದಲೂ ಇದೆ. ಹೆಚ್ಚು ಹೊತ್ತು ದುಡಿಸಿದರೆ ಆ ಹೊತ್ತಿಗೆ ದುಪ್ಪಟ್ಟು ಕೂಲಿ, ವಾರಕ್ಕೊಂದು ರಜೆ. ವಾರಕ್ಕೆ 55 ಗಂಟೆಗೂ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಜಂಟಿಯಾಗಿ ಹೇಳಿವೆ. ಸೀಸನ್ನಿನಲ್ಲಿ ಪಾಳಿ ಬದಲಿಸುವಾಗ ರಾತ್ರಿ ಪಾಳಿ ಒಬ್ಬರ ಮೇಲೇ ಬೀಳದಂತೆ ನೋಡಿಕೊಳ್ಳಿ. ಎರಡು ಪಾಳಿಗಳ ನಡುವೆ ಮಲಗಿ ಏಳುವಷ್ಟು ಬಿಡುವಿರಲಿ.

*ಕೂಲಿ ಹೇಳಿದ ದಿನಕ್ಕೆ ಕೊಡಿ.* ಬಡವರ ನಿದ್ದೆ ಕೆಡಿಸುವುದರಲ್ಲಿ ಇದಕ್ಕಿಂತ ದೊಡ್ಡದು ಬೇರೆ ಇಲ್ಲ. ಶನಿವಾರ ಕೊಡುತ್ತೇವೆಂದು ಹೇಳಿ ಮುಂದಿನ ಬುಧವಾರ ಕೊಟ್ಟರೆ ಆ ನಾಲ್ಕು ದಿನ ಮನೆಯಲ್ಲಿ ಏನಾಗುತ್ತದೆ ಎಂದು ಯೋಚಿಸಿ.

*ಮುಂಗಡ ಸಂಕೋಲೆಯಾಗದಿರಲಿ.* ಗುಳೆ ಹೋಗುವವರಿಗೆ ಮುಂಗಡ ಕೊಟ್ಟು, ‘ತೀರುವ ತನಕ ಬಿಟ್ಟು ಹೋಗುವಂತಿಲ್ಲ’ ಎಂದು ಹಿಡಿದಿಡುವುದು 1976ರ ಜೀತಪದ್ಧತಿ ನಿರ್ಮೂಲನಾ ಕಾಯ್ದೆಯಂತೆ ಅಪರಾಧ. ಲೆಕ್ಕದ ಚೀಟಿಯನ್ನು ಅವರಿಗೆ ಓದಲು ಬರುವ ಭಾಷೆಯಲ್ಲಿ ಬರೆದು ಕೊಡಿ.

*ಬೈಯುವುದಿದ್ದರೆ ಕೆಲಸವನ್ನು ಬೈಯಿರಿ.* ತಪ್ಪಾದಾಗ ತಿದ್ದಬೇಕು, ನಿಜ. ಹತ್ತು ಜನರ ಮುಂದೆ ಜಾತಿ ಹಿಡಿದು, ಹೆಂಡತಿ ಮಕ್ಕಳನ್ನು ಎಳೆದು ಬೈಯುವುದು ತಿದ್ದುವುದಲ್ಲ. ಕರೆದು, ಕೂರಿಸಿ, ಏನು ತಪ್ಪಾಯಿತೆಂದು ಹೇಳಿ. ಹಾಗೆ ಹೇಳಿದ್ದು ಮನಸ್ಸಿನಲ್ಲಿ ನಿಲ್ಲುತ್ತದೆ.

*ಸಣ್ಣ ಅನುಕೂಲಗಳು ಸಣ್ಣವಲ್ಲ.* ತಣ್ಣನೆಯ ನೀರು, ಹೆಂಗಸರಿಗೆ ಬೀಗ ಹಾಕಿಕೊಳ್ಳುವಂಥ ಶೌಚಾಲಯ, ನಿಂತು ಕೆಲಸ ಮಾಡುವವರಿಗೆ ನಡುವೆ ಕೂರಲು ಒಂದು ಸ್ಟೂಲು, ಬಿಸಿಲ ಹೊತ್ತಿನಲ್ಲಿ ನೆರಳು. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಇವಿಲ್ಲದೆ ದುಡಿದವರಿಗೆ ಸಂಜೆ ಮನೆಯವರ ಜೊತೆ ಮಾತಾಡಲು ತ್ರಾಣವೇ ಉಳಿದಿರುವುದಿಲ್ಲ.

*ಕೇಳುವ ಒಬ್ಬರು ಇರಲಿ.* ಪ್ರತಿ ಕೆಲಸದ ಜಾಗದಲ್ಲೂ ಎಲ್ಲರೂ ನಂಬುವ ಒಬ್ಬ ಹಿರಿಯರು ಇದ್ದೇ ಇರುತ್ತಾರೆ. ‘ಏನಾದರೂ ತೊಂದರೆಯಿದ್ದರೆ ಇವರ ಹತ್ತಿರ ಹೇಳಿಕೊಳ್ಳಬಹುದು, ಮಾತು ಹೊರಗೆ ಹೋಗುವುದಿಲ್ಲ’ ಎಂದು ಮಾಲೀಕರೇ ಎಲ್ಲರೆದುರು ಹೇಳಲಿ. ಹೆಂಗಸರು ಹೆಚ್ಚಿರುವ ಕಡೆ ಆ ಹಿರಿಯರು ಹೆಂಗಸೇ ಆಗಿರಲಿ.

ಹೇಗೆ ಮಾತಾಡಿಸಬೇಕು?

ಹೆಚ್ಚಿನವರು ಮಾತಾಡಿಸಲು ಹೆದರುವುದು ಏನು ಹೇಳಬೇಕೆಂದು ಗೊತ್ತಿಲ್ಲದ್ದಕ್ಕೆ. ಜನರಿಲ್ಲದ ಹೊತ್ತು ನೋಡಿ, ಚಹಾ ಕುಡಿಯುತ್ತಲೋ ಬುತ್ತಿ ಉಣ್ಣುತ್ತಲೋ ಪಕ್ಕದಲ್ಲಿ ಕೂತು, ಕಂಡದ್ದನ್ನು ಮಾತ್ರ ಹೇಳಿ.

ಮೇಸ್ತ್ರಿಯಾದರೆ: ‘ಯಾಕವ್ವಾ, ನಾಕು ದಿನದಿಂದ ನೋಡಾಕ್ಹತ್ತೀನಿ, ಸರಿಯಾಗಿ ಉಣ್ಣವಲ್ಲಿ, ಮಾತೂ ಇಲ್ಲ. ಏನಾರ ಆಗೈತೇನು? ಹೇಳಬೇಕು ಅನಿಸಿದರ ಹೇಳು, ನಾ ಕೇಳ್ತೀನಿ.’

ಹೆಡ್‌ಮಾಸ್ಟರಾದರೆ: ‘ಮೇಡಂ, ಇತ್ತೀಚೆಗೆ ತುಂಬಾ ದಣಿದಂತೆ ಕಾಣುತ್ತೀರಿ. ಕೆಲಸ ಹೆಚ್ಚಾಯಿತೇ? ನನ್ನಿಂದ ಏನು ಅನುಕೂಲ ಆಗಬಹುದು, ಹೇಳಿ.’

ಕೇಳಿದ ಮೇಲೆ ಸುಮ್ಮನಿರಿ. ಉತ್ತರ ಬರಲು ಹೊತ್ತು ಹಿಡಿಯುತ್ತದೆ. ಮೊದಲ ದಿನ ‘ಏನಿಲ್ಲ ಬಿಡ್ರಿ’ ಎಂದರೆ ಒತ್ತಾಯ ಬೇಡ. ಎರಡು ದಿನ ಬಿಟ್ಟು ಮತ್ತೊಮ್ಮೆ ಕೇಳಿ.

ಕೆಲವು ಮಾತುಗಳನ್ನು ಬಿಡಬೇಕು. ‘ನಿನಗೇನು ಕಡಿಮೆಯಾಗಿದೆ?’, ‘ಗಂಡಸಾಗಿ ಅಳುತ್ತೀಯಾ?’, ‘ಎಲ್ಲರಿಗೂ ಕಷ್ಟ ಇದೆ’, ‘ಧೈರ್ಯ ತಂದುಕೋ, ಸರಿಹೋಗುತ್ತದೆ’, ಇವುಗಳಿಂದ ಬಾಯಿ ಮುಚ್ಚುತ್ತದೆ. ‘ಹುಚ್ಚು’, ‘ಮೆಂಟಲ್’ ಎಂಬ ಮಾತನ್ನಂತೂ ತಮಾಷೆಗೂ ಆಡಬೇಡಿ. ಆ ಒಂದು ಹೆಸರು ಬಿದ್ದರೆ ಮಗಳ ಮದುವೆಯವರೆಗೂ ಅಂಟಿಕೊಳ್ಳುತ್ತದೆಂಬ ಭಯದಿಂದಲೇ ಎಷ್ಟೋ ಮನೆಗಳವರು ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ.

ಮಂತ್ರಾಲಯಕ್ಕೆ ಹೋಗಿ ಸೇವೆ ಮಾಡುವವರಿದ್ದಾರೆ, ದರ್ಗಾಕ್ಕೆ ಹೋಗಿ ತಾಯತ ಕಟ್ಟಿಸಿಕೊಳ್ಳುವವರಿದ್ದಾರೆ. ಅದರಿಂದ ಮನಸ್ಸಿಗೆ ಸಮಾಧಾನ ಸಿಗುವುದಾದರೆ ಸಿಗಲಿ, ಅದನ್ನು ಹೀಗಳೆಯಬೇಡಿ. ಹರಕೆಯ ಜೊತೆಗೆ ಔಷಧಿಯೂ ಇರಲಿ ಎಂದು ಹೇಳಿ. ಹೊಡೆಯುವುದು, ಸರಪಳಿ ಹಾಕುವುದು ಮಾತ್ರ ಎಲ್ಲಿಯೂ ಸಲ್ಲದು. ಸರಪಳಿಯಲ್ಲಿ ಕಟ್ಟಿಹಾಕುವುದನ್ನು ಕಾನೂನು ನಿಷೇಧಿಸಿದೆ.

‘ಬದುಕೇ ಬೇಡ’ ಎಂದರೆ

‘ನಾನಿದ್ದು ಏನು ಮಾಡಲಿ’, ‘ಇನ್ನು ನಿಮಗೆ ನನ್ನ ಕಾಟ ಇರುವುದಿಲ್ಲ’ ಎಂಬ ಮಾತು ಬಂದರೆ ಅದನ್ನು ಬೆದರಿಕೆ ಎಂದಾಗಲಿ ನಾಟಕ ಎಂದಾಗಲಿ ತಳ್ಳಿಹಾಕಬೇಡಿ. ‘ಸಾಯಬೇಕು ಅನಿಸುತ್ತಿದೆಯೇ?’ ಎಂದು ನೇರವಾಗಿ ಕೇಳಬಹುದು. ಕೇಳಿದರೆ ಆ ಯೋಚನೆ ಹುಟ್ಟುತ್ತದೆಂಬುದು ತಪ್ಪು ತಿಳಿವಳಿಕೆ. ಕೇಳಿದಾಗ ಒಳಗಿನ ಭಾರ ಇಳಿಯುವುದೇ ಹೆಚ್ಚು.

ಹೌದು ಎಂದರೆ ಅವರನ್ನು ಒಬ್ಬರನ್ನೇ ಬಿಡಬೇಡಿ. ಮನೆಯವರಲ್ಲಿ ಅವರು ನಂಬುವವರನ್ನು ಕರೆಸಿ. ಕ್ರಿಮಿನಾಶಕ ಮತ್ತಿತರ ಅಪಾಯದ ವಸ್ತುಗಳು ಕೈಗೆ ಸಿಗದಂತೆ ಬೀಗ ಹಾಕಿ. ಹೊಲವಿರುವ ಪ್ರತಿ ಮನೆಯಲ್ಲೂ, ಗೋದಾಮಿನಲ್ಲೂ ಇದು ಯಾವಾಗಲೂ ಇರಬೇಕಾದ ಅಭ್ಯಾಸ. 14416ಕ್ಕೆ ಕರೆ ಮಾಡಿ. ಅಪಾಯ ಎದುರಿಗೇ ಇದ್ದರೆ 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಪೊಲೀಸ್ ಕೇಸಿಗೆ ಹೆದರಿ ಬಚ್ಚಿಡಬೇಡಿ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಸರ್ಕಾರ ಆರೈಕೆ ಕೊಡಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಹೇಳುತ್ತದೆ. ಹಳೆಯ ದಂಡ ಸಂಹಿತೆಯ 309ನೇ ಕಲಂ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ.

ಎಲ್ಲಿಗೆ ಹೋಗಬೇಕು?

*ಟೆಲಿಮಾನಸ್, 14416.* ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಉಚಿತ ಸೇವೆ. ಇದರ ಮುಖ್ಯ ಕೇಂದ್ರ ನಿಮ್ಹಾನ್ಸ್. ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು. ಭಾಷೆ ಆರಿಸಿಕೊಳ್ಳುವ ಅವಕಾಶವಿದೆ, ಕನ್ನಡವೂ ತೆಲುಗೂ ಇವೆ. 1800-891-4416 ಕೂಡ ಇದೇ ಸೇವೆಯ ಸಂಖ್ಯೆ. ಕಷ್ಟದಲ್ಲಿರುವವರೇ ಕರೆ ಮಾಡಬೇಕೆಂದಿಲ್ಲ. ‘ನಮ್ಮ ಹುಡುಗನೊಬ್ಬ ಹೀಗಿದ್ದಾನೆ, ಏನು ಮಾಡಲಿ’ ಎಂದು ಮಾಲೀಕರೂ ಕೇಳಬಹುದು. ಗುಳೆ ಹೋದ ಕಡೆಯಿಂದಲೂ ಕರೆ ಮಾಡಬಹುದು.

*ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಆದೋನಿಯ ಸರ್ಕಾರಿ ಏರಿಯಾ ಆಸ್ಪತ್ರೆ.* ಮೊದಲ ತಪಾಸಣೆಗೆ, ಅಗತ್ಯವಿದ್ದರೆ ಮುಂದಕ್ಕೆ ಚೀಟಿ ಬರೆಸಿಕೊಳ್ಳಲು.

*ಕರ್ನೂಲಿನ ಸರ್ಕಾರಿ ಸರ್ವಜನ ಆಸ್ಪತ್ರೆ.* ವೈದ್ಯಕೀಯ ಕಾಲೇಜಿಗೆ ಸೇರಿದ ದೊಡ್ಡ ಆಸ್ಪತ್ರೆ, ಮನೋವೈದ್ಯ ವಿಭಾಗವಿದೆ.

*ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ (ವಿಮ್ಸ್ ಎಂದೇ ನಮ್ಮವರಿಗೆ ಪರಿಚಿತ), ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್.* ಕನ್ನಡದಲ್ಲೇ ಹೇಳಿಕೊಳ್ಳಬೇಕು ಎನ್ನುವವರಿಗೆ ಇವು ಅನುಕೂಲ.

ಔಷಧಿಯ ಬಗ್ಗೆ ಮೂರು ಮಾತು. ಖಿನ್ನತೆಯ ಮಾತ್ರೆ ಕೆಲಸ ಮಾಡಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಮೂರು ದಿನಕ್ಕೆ ಗುಣ ಕಾಣಲಿಲ್ಲವೆಂದು ಬಿಡಬಾರದು. ಗುಣ ಕಂಡ ಮೇಲೂ ವೈದ್ಯರು ಹೇಳದೆ ನಿಲ್ಲಿಸಬಾರದು. ಬಹುಕಾಲ ಕುಡಿಯುತ್ತಿದ್ದವರು ಒಮ್ಮೆಲೇ ಬಿಟ್ಟರೆ ನಡುಕ, ಫಿಟ್ಸ್ ಬರುವ ಅಪಾಯವಿದೆ. ಕುಡಿತ ಬಿಡುವುದಕ್ಕೂ ವೈದ್ಯರ ಸಹಾಯ ಬೇಕು.

ನಮ್ಮ ಭಾಷೆಯಲ್ಲಿ ಕೇಳುವ ಹಕ್ಕು

ಹೊಟ್ಟೆನೋವನ್ನು ಬೆರಳು ಮಾಡಿ ತೋರಿಸಬಹುದು. ಮನಸ್ಸಿನ ನೋವನ್ನು ಮಾತಿನಲ್ಲೇ ಹೇಳಬೇಕು. ನಮ್ಮಲ್ಲಿ ಹೆಚ್ಚಿನವರು ಸಂತೆಯಲ್ಲಿ, ಕಚೇರಿಯಲ್ಲಿ ತೆಲುಗು ಸರಾಗವಾಗಿ ಮಾತಾಡುತ್ತಾರೆ. ಆದರೆ ಕಣ್ಣೀರು ಬರುವ ಹೊತ್ತಿಗೆ ಬಾಯಿಗೆ ಬರುವುದು ಮನೆಯ ಮಾತು. ಮನೆಯಲ್ಲಿ ಕನ್ನಡವಾಡುವ ಹೆಂಗಸರಿಗಂತೂ ಇದು ದೊಡ್ಡ ತೊಡಕು.

2017ರ ಕಾಯ್ದೆಯ 22ನೇ ಕಲಂನಂತೆ ಕಾಯಿಲೆ ಮತ್ತು ಚಿಕಿತ್ಸೆಯ ವಿವರವನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು. ಇದು ಹಕ್ಕು, ‘ಸಾರ್, ಕನ್ನಡ ಬಲ್ಲವರು ಯಾರಾದರೂ ಇದ್ದಾರೆಯೇ?’ ಎಂದು ಕೇಳಲು ಸಂಕೋಚ ಬೇಡ. ಇದ್ದರೂ ಇಲ್ಲದಿದ್ದರೂ ಎರಡೂ ಭಾಷೆ ಬಲ್ಲ ಒಬ್ಬರು ಜೊತೆಗೆ ಹೋಗುವುದು ಒಳ್ಳೆಯದು. ಈ ಕೆಲಸವನ್ನು ಕನ್ನಡ ಸಂಘಗಳು ಸುಲಭವಾಗಿ ಮಾಡಬಹುದು. ಜೊತೆಗೆ ಹೋದವರು ಅಲ್ಲಿ ಕೇಳಿದ್ದನ್ನು ಅಲ್ಲೇ ಬಿಟ್ಟು ಬರಬೇಕು, ಅಷ್ಟೇ.

ಕಾನೂನು ಕೊಟ್ಟಿರುವ ರಕ್ಷಣೆ

* ಸರ್ಕಾರ ನಡೆಸುವ ಅಥವಾ ಹಣ ಕೊಡುವ ಸೇವೆಗಳಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು (2017ರ ಕಾಯ್ದೆ, 18ನೇ ಕಲಂ).
* ಆರೋಗ್ಯ ವಿಮೆಯವರು ಮಾನಸಿಕ ಕಾಯಿಲೆಯನ್ನು ದೈಹಿಕ ಕಾಯಿಲೆಗೆ ಸಮನಾಗಿ ಕಾಣಬೇಕು (21ನೇ ಕಲಂ).
* ರೋಗಿಯ ವಿವರ ಗುಟ್ಟಾಗಿರಬೇಕು (23ನೇ ಕಲಂ). ಮಾಲೀಕರು ಕೇಳಿದರೆಂದು ಆಸ್ಪತ್ರೆಯವರು ಹೇಳುವಂತಿಲ್ಲ.
* ಸರ್ಕಾರಿ ನೌಕರರಿಗೆ ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದರೆ ಅದೇ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ (2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, 20ನೇ ಕಲಂ). ಆ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು.
* ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು (2013ರ ಕಾಯ್ದೆ). ಅದಕ್ಕಿಂತ ಕಡಿಮೆ ಜನರಿರುವ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸಾಮಾನ್ಯವಾಗಿ ಮೂರು ತಿಂಗಳೊಳಗೆ ಕೊಡಬೇಕು. ಹೆಂಗಸರು ಕಾರಣ ಹೇಳದೆ ಕೆಲಸ ಬಿಟ್ಟಾಗ ಹಿಂದೆ ಇಂಥದೊಂದು ಇರಬಹುದೆಂದು ವಿಚಾರಿಸಿ.
* ಉಚಿತ ಕಾನೂನು ನೆರವಿಗೆ 15100, ಮಹಿಳಾ ಸಹಾಯವಾಣಿಗೆ 181.

ಕೆಲಸಕ್ಕೆ ಮರಳಿ ಬಂದವರನ್ನು ಹೇಗೆ ನಡೆಸಿಕೊಳ್ಳಬೇಕು?

ಚಿಕಿತ್ಸೆಗೆ ಹೋದವರಿಗೆ ಮಾತ್ರೆಯಷ್ಟೇ ಮುಖ್ಯವಾದದ್ದು ಕೆಲಸಕ್ಕೆ ಮರಳುವುದು. ದುಡಿಮೆ ಮನುಷ್ಯನಿಗೆ ಕೂಲಿಯ ಜೊತೆಗೆ ನಾಲ್ಕು ಜನರ ಒಡನಾಟವನ್ನೂ ನಾನೂ ಬೇಕಾದವನು ಎಂಬ ಭಾವವನ್ನೂ ಕೊಡುತ್ತದೆ. ‘ಪೂರ್ತಿ ಗುಣವಾದ ಮೇಲೆ ಬಾ’ ಎಂದು ಮನೆಯಲ್ಲಿ ಕೂರಿಸಿದರೆ ಗುಣವಾಗುವುದೇ ತಡವಾಗುತ್ತದೆ.

ಮೊದಲ ಕೆಲವು ವಾರ ಅರ್ಧ ದಿನದ ಕೆಲಸ, ಅಥವಾ ಹಗುರ ಕೆಲಸ ಕೊಡಿ. ಕೆಲವು ಮಾತ್ರೆಗಳಿಂದ ಬೆಳಿಗ್ಗೆ ಮಂಪರು ಇರುತ್ತದೆ; ಅಂಥವರಿಗೆ ಒಂದು ಗಂಟೆ ತಡವಾಗಿ ಬರಲು ಬಿಡಿ, ಯಂತ್ರ, ವಾಹನ, ಎತ್ತರದ ಕೆಲಸ ಬೇಡ. ನಿದ್ದೆ ಕೆಟ್ಟರೆ ಕಾಯಿಲೆ ಮರುಕಳಿಸಬಹುದಾದ್ದರಿಂದ ರಾತ್ರಿ ಪಾಳಿ ಹಾಕಬೇಡಿ. ಆಸ್ಪತ್ರೆಯ ತಾರೀಕಿಗೆ ರಜೆ ಕೊಡಿ. ಎಲ್ಲಿಗೆ ಹೋಗಿದ್ದರು, ಏನಾಗಿತ್ತು ಎಂದು ಉಳಿದವರಿಗೆ ಹೇಳುವುದು ಬಿಡುವುದು ಅವರಿಗೇ ಬಿಟ್ಟದ್ದು.

ನಮಗೆ ನಾವು ಮಾಡಿಕೊಳ್ಳಬೇಕಾದದ್ದು

ಒತ್ತಡದಲ್ಲಿರುವವರು ಮೊದಲು ಬಿಡುವುದು ಊಟ, ನಿದ್ದೆ, ಮಾತು. ಬಿಡಬಾರದ್ದೂ ಇವೇ. ಮಲಗುವ ಹೊತ್ತಿಗೆ ಫೋನು ದೂರವಿಡಿ. ಸಾಲದ ಲೆಕ್ಕವನ್ನು ತಲೆಯಲ್ಲಿ ಇಟ್ಟುಕೊಳ್ಳದೆ ಕಾಗದದಲ್ಲಿ ಬರೆದು, ಮನೆಯವರ ಮುಂದಿಡಿ. ಗಂಡ ಮುಚ್ಚಿಟ್ಟ ಸಾಲ ಹೆಂಡತಿಗೆ ತಿಳಿದಾಗ ಜಗಳವಾಗಬಹುದು, ಆದರೆ ಒಬ್ಬನೇ ಹೊರುವ ಭಾರ ಅಂದಿಗೆ ಇಬ್ಬರದಾಗುತ್ತದೆ. ವಾರಕ್ಕೊಮ್ಮೆಯಾದರೂ ಭಜನೆಗೋ ಕಟ್ಟೆಗೋ ಕಬಡ್ಡಿಗೋ ಹೋಗಿ. ಗುಳೆ ಹೋದವರು ಮನೆಗೆ ದಿನಕ್ಕೊಂದು ಹೊತ್ತು ಗೊತ್ತುಮಾಡಿಕೊಂಡು ಫೋನು ಮಾಡಿ. ಇಲ್ಲಿನ ಮಕ್ಕಳು ಆ ಹೊತ್ತಿಗಾಗಿ ಕಾಯುತ್ತಿರುತ್ತಾರೆ.

ಮಾಲೀಕರೂ ಮನುಷ್ಯರೇ. ದರ ಕುಸಿದಾಗ, ಬಾಕಿ ಬರದಿದ್ದಾಗ ನಿದ್ದೆ ಕೆಡುವುದು ಅವರಿಗೂ ಉಂಟು. ಈ ಬರಹದಲ್ಲಿ ಹೇಳಿದ ಪ್ರತಿ ಮಾತೂ ಅವರಿಗೂ ಅನ್ವಯಿಸುತ್ತದೆ.

ಇಂದೇ ಮಾಡಬಹುದಾದ ನಾಲ್ಕು ಕೆಲಸ

1. 14416 ಎಂದು ದೊಡ್ಡ ಅಕ್ಷರದಲ್ಲಿ, ಕನ್ನಡ ಮತ್ತು ತೆಲುಗು ಎರಡರಲ್ಲೂ ಬರೆದು, ಹಾಜರಿ ಪುಸ್ತಕ ಇಡುವ ಕಡೆ ಗೋಡೆಗೆ ಅಂಟಿಸಿ.
2. ಕೇಳುವ ಹಿರಿಯರು ಯಾರೆಂದು ಗೊತ್ತುಮಾಡಿ, ಎಲ್ಲರಿಗೂ ತಿಳಿಸಿ.
3. ಕೂಲಿಯ ದಿನ, ರಜೆಯ ದಿನ ಬರೆದು ಹಾಕಿ, ಬರೆದದ್ದನ್ನು ತಪ್ಪಬೇಡಿ.
4. ‘ಮೊದಲಿನಂತಿಲ್ಲ’ ಎಂದು ನಿಮಗೆ ಈಗಾಗಲೇ ಅನಿಸಿರುವ ಒಬ್ಬರನ್ನು ಈ ವಾರ ಮಾತಾಡಿಸಿ.

ಈ ಬರಹವನ್ನು ಓದಲು ಬಾರದವರಿಗೆ ಓದಿ ಹೇಳಿ. ಗುಳೆ ಹೊರಡುವ ತಂಡದ ಮೇಸ್ತ್ರಿಗೆ ಕಳಿಸಿ. ಆ ನಾಲ್ಕನೆಯ ಕೆಲಸವನ್ನು ಮಾತ್ರ ನಾಳೆಗೆ ಇಟ್ಟುಕೊಳ್ಳಬೇಡಿ.